ಕೆಳಮಹಡಿಯ ಪ್ರಯಾಣಿಕರು

ನನ್ನ ದೊಡ್ಡಮ್ಮನ ಮಗ ಹತ್ತು ವರ್ಷಗಳಿಂದ ‘ಶಿಪ್ಪಿನಲ್ಲಿ’ ಇದ್ದಾನೆ. ಉಡುಪಿ, ಮಂಗಳೂರಿನ ಕಡೆ ಈ ಮಾತಿಗೆ ವಿವರಣೆ ಬೇಕಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗ, ಎಂಟೊಂಬತ್ತು ತಿಂಗಳ ಕಾಂಟ್ರಾಕ್ಟ್, ಊರಿಗೆ ಬಂದಾಗ ಚೀಲ ತುಂಬ ಚಾಕೊಲೇಟು. ಕಳೆದ ಸಲ ಬಂದಾಗ, ಕೆರಿಬಿಯನ್ ದ್ವೀಪಗಳು ದೂರದಿಂದ ಹೇಗೆ ಕಾಣುತ್ತವೆ ಎಂದು ಕೇಳಿದೆ. “ನನ್ನ ಕ್ಯಾಬಿನ್‌ಗೆ ಕಿಟಕಿಯೇ ಇಲ್ಲ ಮಾರಾಯ್ತಿ” ಎಂದ.

ಹಡಗಿನ ಕೆಲಸಗಾರರ ಚರಿತ್ರೆಯೇ ನನ್ನ ಸಂಶೋಧನೆಯ ವಿಷಯ. ಆದರೂ ಐಷಾರಾಮಿ ಕ್ರೂಸ್‌ನ ಕಥೆಯನ್ನು ಕೆಳಮಹಡಿಯಿಂದ ಓದಬಹುದು ಎಂದು ಹೊಳೆದದ್ದು ಅಣ್ಣನ ಆ ಮಾತಿನಿಂದ.

ವಿಹಾರಕ್ಕಾಗಿ ಸಮುದ್ರಯಾನ ಮಾಡುವುದು ಹೊಸ ಕಲ್ಪನೆಯಲ್ಲ. 1844ರಲ್ಲೇ ಪಿ ಅಂಡ್ ಒ ಕಂಪನಿ ಮೆಡಿಟರೇನಿಯನ್ ಪ್ರವಾಸ ನಡೆಸಿ, ಕಾದಂಬರಿಕಾರ ಥ್ಯಾಕರೆಗೆ ಬಿಟ್ಟಿ ಟಿಕೆಟ್ ಕೊಟ್ಟು ಪ್ರವಾಸಕಥನ ಬರೆಯುವಂತೆ ಮಾಡಿತ್ತು. ಆದರೆ ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದವನು ಹ್ಯಾಂಬರ್ಗ್‌ನ ಆಲ್ಬರ್ಟ್ ಬಾಲಿನ್. ಅವನ ಅಪ್ಪನದು ವಲಸಿಗರನ್ನು ಅಮೆರಿಕಕ್ಕೆ ಕಳಿಸುವ ಏಜೆನ್ಸಿ. ಬಾಲಿನ್ ಸೇರಿದ ಹಪಾಗ್ ಕಂಪನಿಗೂ ಕೆಳಮಹಡಿಯಲ್ಲಿ ಒತ್ತೊತ್ತಾಗಿ ಕೂತು ಸಾಗುತ್ತಿದ್ದ ಯುರೋಪಿನ ಬಡವರೇ ದೊಡ್ಡ ಆದಾಯ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ. ದುಬಾರಿ ಹಡಗುಗಳು ಸುಮ್ಮನೆ ನಿಲ್ಲುತ್ತಿದ್ದವು. ಹಾಗಾಗಿ 1891ರ ಜನವರಿಯಲ್ಲಿ ಅವನು ‘ಆಗಸ್ಟಾ ವಿಕ್ಟೋರಿಯಾ’ ಹಡಗನ್ನು 241 ಪ್ರವಾಸಿಗರೊಂದಿಗೆ ಎರಡು ತಿಂಗಳ ಮೆಡಿಟರೇನಿಯನ್ ಪ್ರವಾಸಕ್ಕೆ ಕಳಿಸಿದ. ನಕ್ಕವರಿಗೇನೂ ಕಡಿಮೆಯಿರಲಿಲ್ಲ. ಪ್ರವಾಸ ಗೆದ್ದಿತು. 1900ರಲ್ಲಿ ಅವನ ಕಂಪನಿ ವಿಹಾರಕ್ಕೆಂದೇ ಒಂದು ಹಡಗು ಕಟ್ಟಿಸಿತು; ಮರುವರ್ಷ ವಲಸಿಗರು ಹಡಗಿಗಾಗಿ ಕಾಯಲು ಹ್ಯಾಂಬರ್ಗ್‌ನಲ್ಲಿ ವಸತಿ ತೆರೆಯಿತು. ವಿಹಾರ, ವಲಸೆ ಎರಡೂ ಒಂದೇ ಲೆಕ್ಕದ ಪುಸ್ತಕದಲ್ಲಿದ್ದವು.

1924ರಲ್ಲಿ ಅಮೆರಿಕ ವಲಸೆಗೆ ಕಠಿಣ ಮಿತಿ ಹಾಕಿತು. ಕೆಳಮಹಡಿ ಬರಿದಾಯಿತು. ಕಂಪನಿಗಳು ಅದಕ್ಕೆ ಸುಣ್ಣಬಣ್ಣ ಮಾಡಿ, ‘ಟೂರಿಸ್ಟ್’ ದರ್ಜೆ ಎಂದು ಹೆಸರಿಟ್ಟು, ವಿದ್ಯಾರ್ಥಿಗಳಿಗೂ ಮೇಷ್ಟರಿಗೂ ಮಾರತೊಡಗಿದವು. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನ ಹಾರಾಟ ಶುರುವಾದಾಗ ಊರು ತಲುಪಿಸುವ ಕೆಲಸವೇ ಹಡಗಿನ ಕೈತಪ್ಪಿತು. ಲಿವರ್‌ಪೂಲ್‌ನಿಂದ ಕೆನಡಾಕ್ಕೆ ಜನರನ್ನು ಸಾಗಿಸುತ್ತಿದ್ದ ‘ಎಂಪ್ರೆಸ್ ಆಫ್ ಕೆನಡಾ’ 1972ರಲ್ಲಿ ‘ಮಾರ್ಡಿ ಗ್ರಾ’ ಎಂಬ ಹೊಸ ಹೆಸರು ಪಡೆದು ಕಾರ್ನಿವಲ್ ಕಂಪನಿಯ ಮೊದಲ ಹಡಗಾಯಿತು. ಚೊಚ್ಚಲ ಯಾನದಲ್ಲೇ ಮಯಾಮಿ ಹತ್ತಿರ ಮರಳಿಗೆ ಸಿಕ್ಕಿಬಿತ್ತು! ಆದರೆ ಕಂಪನಿ ಮುಳುಗಲಿಲ್ಲ. ಎಲ್ಲಿಗೂ ತಲುಪಬೇಕಿಲ್ಲದ, ಹಡಗೇ ಊರಾಗಿರುವ ಪ್ರವಾಸಕ್ಕೆ ಮಧ್ಯಮವರ್ಗ ಮುಗಿಬಿತ್ತು.

ಈ ಅಗ್ಗದ ರಜೆ ಹೇಗೆ ಸಾಧ್ಯವಾಯಿತು? ಹಡಗುಗಳು ಪನಾಮಾ, ಲೈಬೀರಿಯಾ, ಬಹಾಮಾಸ್‌ಗಳ ಬಾವುಟ ಹಾರಿಸಿದವು. ಅಮೆರಿಕದ ಕನಿಷ್ಠ ವೇತನದ ಕಾನೂನು ಆ ಬಾವುಟದಡಿ ಅನ್ವಯಿಸುವುದಿಲ್ಲ. ಫಿಲಿಪೀನ್ಸ್, ಇಂಡೋನೇಷ್ಯಾ, ಭಾರತಗಳಿಂದ ಕೆಲಸಗಾರರು ಬಂದರು. ನಮಗಿದು ತೀರ ಹೊಸದೂ ಅಲ್ಲ. ಪಿ ಅಂಡ್ ಒ ಹಡಗುಗಳ ಊಟದ ಕೋಣೆಗಳಲ್ಲಿ ಗೋವಾದವರು ಬಡಿಸಿದ್ದಕ್ಕೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ವಲಸಿಗರು ಇಳಿದುಹೋದ ಕೆಳಮಹಡಿಗೆ ಇನ್ನೊಂದು ಬಗೆಯ ವಲಸಿಗರು ಹತ್ತಿದರು. ಇವರಿಗೆ ಟಿಕೆಟ್ ಇಲ್ಲ, ತಲುಪಬೇಕಾದ ಊರೂ ಇಲ್ಲ.

2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಕೊರೊನಾದಿಂದ ದಿಗ್ಬಂಧನಕ್ಕೊಳಗಾದಾಗ ಇದು ಜಗತ್ತಿಗೆ ಕಂಡಿತು. ಹಡಗಿನಲ್ಲಿದ್ದ 3,711 ಜನರಲ್ಲಿ ಭಾರತೀಯರು 138; ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರವಾಸಿಗರು ಕ್ಯಾಬಿನ್ ಬಾಗಿಲು ಮುಚ್ಚಿ ಕೂತರು. ಸಿಬ್ಬಂದಿ ಅಡುಗೆ ಮಾಡಿ ಆ ಬಾಗಿಲುಗಳಿಗೆ ಊಟ ಮುಟ್ಟಿಸಿ, ರಾತ್ರಿ ಹಂಚಿಕೊಂಡ ಕೋಣೆಗಳಲ್ಲಿ ಮಲಗಿದರು.

ಅಣ್ಣನ ಸಂಬಳದಿಂದ ಮನೆಗೆ ತಾರಸಿ ಬಂದಿದೆ, ತಂಗಿಯ ಮದುವೆಯಾಗಿದೆ. ಅವನು ಬಲಿಪಶುವೆಂದು ಬರೆದರೆ ಅವನೇ ನಗುತ್ತಾನೆ. ದೊಡ್ಡಮ್ಮನ ಮನೆಯ ಗೋಡೆಯಲ್ಲಿ ಆ ಹಡಗಿನ ದೊಡ್ಡ ಚಿತ್ರವಿದೆ. ಬಂದವರಿಗೆಲ್ಲ ಅವರು ಸಾಲು ಬಾಲ್ಕನಿಗಳ ಮೇಲೆ ಬೆರಳಾಡಿಸಿ, “ಇಲ್ಲೇ ಎಲ್ಲೋ ಇರ್ತಾನೆ” ಎನ್ನುತ್ತಾರೆ. ಅಣ್ಣ ಅದನ್ನು ಇದುವರೆಗೂ ತಿದ್ದಿಲ್ಲ. ನಾನೂ ತಿದ್ದಲಿಲ್ಲ.