ಒಳಮನೆಯಲ್ಲಿ ಸಿಗದ ಆಳು

ಕ್ಯಾಥರಿನ್ ಸ್ಟಾಕೆಟ್‌ರ ‘ದಿ ಹೆಲ್ಪ್’ (2009) ಕಾದಂಬರಿ 1960ರ ದಶಕದ ಅಮೆರಿಕದ ಜಾಕ್ಸನ್ ನಗರದ ಕತೆ. ಅಲ್ಲಿ ಕಪ್ಪು ಹೆಂಗಸರು ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಾರೆ, ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಮನೆಯ ಕಕ್ಕಸಿಗೆ ಮಾತ್ರ ಹೋಗುವಂತಿಲ್ಲ. ಇವರ ಸರೀಕರು ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಹಳೆಯ ದಾಖಲೆಗಳಲ್ಲಿ ಎಲ್ಲಿದ್ದಾರೆಂದು ಹುಡುಕಹೊರಟೆ.

ಮೊದಲು ಕೈಗೆತ್ತಿಕೊಂಡದ್ದು ಫ್ರಾನ್ಸಿಸ್ ಬುಕಾನನ್‌ನನ್ನು. ಕಂಪನಿ ಸರಕಾರದ ಈ ವೈದ್ಯ 1801ರಲ್ಲಿ ಭಟ್ಕಳದ ಮೂಲಕ ಹೊನ್ನಾವರ, ಗೋಕರ್ಣದ ಕಡೆ ನಡೆದವನು. ಭಟ್ಕಳದಲ್ಲಿ 500 ಮನೆ ಎಂದು ಎಣಿಸಿದವನು, ತೋಟದ ಆಳುಗಳ ಅಕ್ಕಿಯನ್ನೂ ಬಿಡದೆ ಅಳೆದಿದ್ದಾನೆ. ಬ್ರಾಹ್ಮಣರ ಬೇಸಾಯದಲ್ಲಿ ದುಡಿಯುವ ಗುಲಾಮ ಗಂಡಾಳಿಗೆ ದಿನಕ್ಕೆ ಒಂದೂವರೆ ಹಾನೆ (ಆಗಿನ ಧಾನ್ಯದ ಅಳತೆ) ಅಕ್ಕಿ, ಹೆಣ್ಣಾಳಿಗೆ ಒಂದು. ವರ್ಷಕ್ಕೆ ಎರಡೂವರೆ ರೂಪಾಯಿಯ ಬಟ್ಟೆ, ತೆಂಗಿನ ತೋಟದಲ್ಲೇ ಒಂದು ಗುಡಿಸಲು. ಸ್ವತಂತ್ರ ಕೂಲಿಯವನಿಗಾದರೆ ಎರಡು ಹಾನೆ. ಕೆಲಸ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ. ನಡುಹಗಲು ಒಂದು ತಾಸು ಬಿಡುವು, ಒಡೆಯನ ಮನೆಯಲ್ಲಿ ಬೇಯಿಸಿದ ಊಟ. ಧರ್ಮದ ಊಟವೇನಲ್ಲ, ಅದೂ ಪಡಿಯ ಲೆಕ್ಕಕ್ಕೇ ಸೇರಿತು. ಬ್ರಾಹ್ಮಣ ಬೇಯಿಸಿದ್ದನ್ನು ಯಾವ ಜಾತಿಯವರೂ ಉಣ್ಣಬಹುದಲ್ಲ ಎನ್ನುತ್ತಾನೆ ಬುಕಾನನ್.

ಈ ಊಟದ ಮಾತನ್ನು ದಾಟಿ ಮುಂದೆ ಹೋಗಲು ನನಗೆ ಆಗಲಿಲ್ಲ. ಜಾಕ್ಸನ್ನಿನಲ್ಲಿ ಆಳಿನ ಕೈಯಡುಗೆ ಒಡೆಯನ ಬಾಯಿಗೆ ಹೋಗುತ್ತದೆ, ಗೆರೆ ಬೀಳುವುದು ಕಕ್ಕಸಿನ ಬಾಗಿಲಲ್ಲಿ. ಇಲ್ಲಿ ಗೆರೆ ಒಲೆಯ ಸುತ್ತಲೇ ಇದೆ. ಅನ್ನ ಒಳಗಿಂದ ಹೊರಗೆ ಬರುತ್ತದೆ, ಉಣ್ಣುವವನು ಹೊರಗಿಂದ ಒಳಗೆ ಹೋಗುವಂತಿಲ್ಲ. ಒಳಗಿನ ಚಾಕರಿ ಸೊಸೆಯಂದಿರದು, ತಲೆ ಬೋಳಿಸಿದ ವಿಧವೆಯರದು. ಅವರಿಗೆ ಕೂಲಿಯೇ ಇಲ್ಲ; ಹಾಗಾಗಿ ಅಕ್ಕಿ ಅಳೆದ ಬುಕಾನನ್‌ನ ಲೆಕ್ಕದಲ್ಲಿ ಅವರು ಎಲ್ಲಿ ಸಿಕ್ಕಾರು! ಆಳನ್ನು ಹುಡುಕಬೇಕಾದದ್ದು ಅಂಗಳದಲ್ಲಿ, ಕೊಟ್ಟಿಗೆಯಲ್ಲಿ, ತೋಟದಲ್ಲಿ.

ಕಾನೂನಿನ ಕಾಗದಗಳಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. 1843ರ ಐದನೇ ಕಾಯಿದೆ ಗುಲಾಮರ ಮೇಲಿನ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂದಿತು. ಆಳಿಟ್ಟುಕೊಂಡವನಿಗೆ ಶಿಕ್ಷೆ ವಿಧಿಸಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ 1883ರಲ್ಲಿ ಬಂದ ಗೆಜೆಟಿಯರ್ ಜನರನ್ನು ಜಾತಿವಾರು ಜೋಡಿಸಿ ಉಡುಪು, ಊಟ, ಮದುವೆ ಎಲ್ಲ ಹೇಳುತ್ತದೆ. ಯಾರ ಅಂಗಳದಲ್ಲಿ ಯಾರು ಎಲ್ಲಿ ನಿಲ್ಲಬೇಕಿತ್ತು ಎಂಬುದು ಆ ಜೋಡಣೆಯ ಸಂದಿಯಲ್ಲಿ ಜಾರಿಹೋಗುತ್ತದೆ.

ಅದನ್ನು ಬರೆದವರು ಕಾದಂಬರಿಕಾರರು. ಕಾರಂತರ ‘ಚೋಮನ ದುಡಿ’ (1933) ದಕ್ಷಿಣ ಕನ್ನಡದ್ದಾದರೂ ಅಂಗಳದ ರೀತಿ ನಮ್ಮದೇ. ಅಸ್ಪೃಶ್ಯ ಜೀತದಾಳು ಚೋಮ ಕೇಳುವುದು ಬೇಸಾಯಕ್ಕೊಂದು ತುಂಡು ಗದ್ದೆ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ಧುಮುಕಲು ಹೊರಟ ಬ್ರಾಹ್ಮಣ ಯುವಕನನ್ನು ಉಳಿದವರು ತಡೆಯುತ್ತಾರೆ. ಬುಕಾನನ್‌ನಿಗೆ ಕಂಡ ಊಟದ ಉದಾರತೆಯನ್ನು ಈ ನೀರಿನ ಪಕ್ಕ ಇಟ್ಟು ಓದಬೇಕು.

ಜೀತ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಕರ್ನಾಟಕ ಸರಕಾರ ಗೊತ್ತುಮಾಡಿದ್ದು 2004ರಲ್ಲಿ. ಈಗ ಪಾತ್ರೆ ತಿಕ್ಕುವವರು, ನೆಲ ಒರೆಸುವವರು ಒಳಮನೆಗೂ ಬರುತ್ತಾರೆ. ಆದರೆ ಯಾವ ಮನೆಯಲ್ಲಿ ಹಾಜರಿ ಪುಸ್ತಕವಿದೆ? ಕೆಲಸದವರು ಬಾರದ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಬೀಳುತ್ತದೆ, ತಿಂಗಳ ಕೊನೆಗೆ ಅದನ್ನೇ ಎಣಿಸಿ ಸಂಬಳ ಮುರಿಯುತ್ತಾರೆ. ವರ್ಷ ಕಳೆದರೆ ಅದು ಮಕ್ಕಳ ಪುಸ್ತಕಕ್ಕೆ ಹೊದಿಕೆ. ಕುಮಟೆಯಲ್ಲಿ ಹಳೇ ಕ್ಯಾಲೆಂಡರ್ ಎಸೆಯದ ಮನೆಗಳಿಗಾಗಿ ಈಗ ವಿಚಾರಿಸುತ್ತಿದ್ದೇನೆ.