‘ಎಷ್ಟು ಉಳಿದಿದೆ’ ಎಂಬುದರಿಂದ ‘ಯಾವಾಗ ಬೇಕು’ ಎಂಬುದಕ್ಕೆ: ಉತ್ಪಾದನಾ ಸಂಪನ್ಮೂಲ ಯೋಜನೆಯ ಚರಿತ್ರೆ

ಒಂದು ಸಲಕ್ಕೆ ಎಷ್ಟು ಬಿಡಿಭಾಗ ತಯಾರಿಸಿದರೆ ಒಟ್ಟು ಖರ್ಚು ಅತಿ ಕಡಿಮೆಯಾಗುತ್ತದೆ ಎಂಬುದಕ್ಕೆ ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲಿ ಸೂತ್ರವೊಂದನ್ನು ಪ್ರಕಟಿಸಿದರು. ದಾಸ್ತಾನು ಗೊತ್ತುಪಡಿಸಿದ ಮಟ್ಟಕ್ಕೆ ಇಳಿದೊಡನೆ ಹೊಸ ಆರ್ಡರ್ ಹಾಕುವ ಕ್ರಮವನ್ನು ಆರ್. ಎಚ್. ವಿಲ್ಸನ್ 1934ರಲ್ಲಿ ವಿವರಿಸಿದರು. ಮುಂದೆ ಬಹುಕಾಲ ಕಾರ್ಖಾನೆಗಳ ಸ್ಟೋರ್ಸ್ ಮತ್ತು ಪರ್ಚೇಸ್ ವಿಭಾಗಗಳಿಗೆ ಇವೇ ಆಧಾರವಾದವು.

ಬಿಡಿಯಾಗಿ ಮಾರುವ ಸರಕಿಗೆ ಈ ಕ್ರಮ ಸಾಕು, ಜೋಡಿಸಿ ಮಾಡುವ ಯಂತ್ರಕ್ಕೆ ಸಾಲದು. ಒಂದು ಜೋಡಣೆಗೆ 10 ಭಾಗಗಳು ಬೇಕು, ಪ್ರತಿಯೊಂದೂ ಸ್ಟಾಕ್‌ನಲ್ಲಿರುವ ಸಂಭವ ಶೇ. 90 ಎಂದುಕೊಳ್ಳಿ. ಹತ್ತೂ ಒಟ್ಟಿಗೆ ಸಿಗುವ ಸಂಭವ ಶೇ. 35ಕ್ಕೆ ಇಳಿಯುತ್ತದೆ. ಗೋದಾಮು ತುಂಬಿದ್ದರೂ ಜೋಡಣೆ ನಿಂತುಬಿಡುತ್ತಿದ್ದುದಕ್ಕೆ ಇದೇ ಕಾರಣ; ಅದನ್ನು ನೌಕರರ ಅಲಕ್ಷ್ಯ ಎಂದು ಬಗೆಯುವುದು ಅನ್ಯಾಯ.

ಈ ಗಂಟನ್ನು ಬಿಡಿಸಿದವರಲ್ಲಿ ಪ್ರಮುಖರು ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಜೋಸೆಫ್ ಆರ್ಲಿಕಿ. 1960ರ ದಶಕದ ಆರಂಭದಲ್ಲಿ ವಿಸ್ಕಾನ್ಸಿನ್‌ನ ರಸೀನ್ ಪಟ್ಟಣದ ಟ್ರ್ಯಾಕ್ಟರ್ ತಯಾರಕ ಜೆ. ಐ. ಕೇಸ್ ಕಂಪನಿಯಲ್ಲಿ ಅವರು ‘ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್’ (ಎಂಆರ್‌ಪಿ) ಎಂಬ ಹೊಸ ಪದ್ಧತಿಯನ್ನು ಕಟ್ಟಿದರು. ಟ್ರ್ಯಾಕ್ಟರಿನ ಬೇಡಿಕೆಯನ್ನು ಅಂದಾಜು ಮಾಡಲೇಬೇಕು, ಆದರೆ ಅದರೊಳಗಿನ ಗಿಯರಿನ ಬೇಡಿಕೆಯನ್ನು ಅಂದಾಜು ಮಾಡಬೇಕಾಗಿಲ್ಲ, ಲೆಕ್ಕ ಹಾಕಿದರಾಯಿತು ಎಂಬುದು ಅದರ ತಿರುಳು.

ಆ ಲೆಕ್ಕ ಹೀಗೆ ಸಾಗುತ್ತದೆ. 11ನೇ ವಾರದ ಜೋಡಣೆಗೆ 40 ಗಿಯರ್‌ಬಾಕ್ಸ್ ಬೇಕು. 15 ಕೈಯಲ್ಲಿವೆ, ಉಳಿದ 25 ಮಾಡಬೇಕು. ಒಂದಕ್ಕೆ 3 ಗಿಯರ್‌ನಂತೆ 75 ಗಿಯರ್. ಅದರಲ್ಲಿ 50 ಸ್ಟೋರ್ಸ್‌ನಲ್ಲಿವೆ, ಮಾಡಬೇಕಾದದ್ದು 25. ಗಿಯರ್‌ಬಾಕ್ಸ್ ಜೋಡಣೆಗೆ 2 ವಾರ, ಗಿಯರ್ ಕೊರೆಯಲು 2 ವಾರ, ಗಿಯರಿನ ಕಚ್ಚಾ ರೂಪವಾದ ಫೋರ್ಜಿಂಗ್ ತರಿಸಲು 4 ವಾರ ಎಂದಾದರೆ ಖರೀದಿ ಆರ್ಡರ್ 3ನೇ ವಾರದಲ್ಲಿ ಹೊರಡಬೇಕು. ಸಿದ್ಧ ಗಿಯರ್‌ಬಾಕ್ಸ್‌ಗಳನ್ನು ಮೊದಲೇ ಕಳೆಯದೆ ಗಿಯರ್ ಮಾತ್ರ ನೋಡಿದ್ದರೆ 70 ಫೋರ್ಜಿಂಗ್ ತರಿಸಬೇಕಾಗುತ್ತಿತ್ತು. ಗಣಿತ ಪ್ರಾಥಮಿಕ ಶಾಲೆಯದು, ಆದರೆ ಸಾವಿರಾರು ಭಾಗಗಳಿಗೆ ಕೈಯಿಂದ ಮಾಡಹೊರಟರೆ ಉತ್ತರ ಬರುವಷ್ಟರಲ್ಲಿ ಯೋಜನೆಯೇ ಬದಲಾಗಿರುತ್ತಿತ್ತು. ಬೇಕಾದ ದಾಖಲೆಯನ್ನು ನೇರವಾಗಿ ತೆಗೆಯಬಲ್ಲ ಡಿಸ್ಕ್ ಸಂಗ್ರಹ 1956ರಲ್ಲಿ ಐಬಿಎಂ ರಮಾಕ್ ಕಂಪ್ಯೂಟರಿನೊಂದಿಗೆ ಬಂದಮೇಲೆಯೇ ಇದು ಕಾರ್ಯಸಾಧ್ಯವಾಯಿತು.

ದಾಸ್ತಾನು ಇಳಿದದ್ದನ್ನೇ ಈ ಪದ್ಧತಿಯ ದೊಡ್ಡ ಲಾಭವೆಂದು ಎಣಿಸುವುದು ರೂಢಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ತಾರೀಖಿಗೆ ಬೆಲೆ ಬಂದದ್ದು. ಹಿಂದೆ ಎಲ್ಲ ಆರ್ಡರುಗಳ ಮೇಲೂ ‘ತುರ್ತು’ ಎಂಬ ಮುದ್ರೆ ಬೀಳುತ್ತಿತ್ತು. ನಿಜವಾಗಿ ಯಾವುದು ಮೊದಲು ಬೇಕೆಂದು ತಿಳಿಯಲು ಕೊರತೆ ಪಟ್ಟಿ ಹಿಡಿದು ಅಲೆಯಬೇಕಿತ್ತು. ಈಗ ಟ್ರ್ಯಾಕ್ಟರಿನ ಯೋಜನೆ ಎರಡು ವಾರ ಮುಂದಕ್ಕೆ ಹೋದರೆ ಫೋರ್ಜಿಂಗಿನ ಗಡುವನ್ನೂ ಮುಂದೂಡುವಂತೆ ವ್ಯವಸ್ಥೆಯೇ ಸೂಚಿಸುತ್ತದೆ. ಖರೀದಿದಾರರು ಮುಂದಿನ ತಿಂಗಳುಗಳ ಬೇಡಿಕೆಯನ್ನು ಪೂರೈಕೆದಾರರಿಗೆ ಮೊದಲೇ ತೋರಿಸಬಲ್ಲವರಾದರು. ಪೂರೈಕೆದಾರರಿಗೂ ಕಚ್ಚಾ ವಸ್ತು, ಯಂತ್ರದ ವೇಳೆ ಹೊಂದಿಸಿಕೊಳ್ಳಲು ಬಿಡುವು ಸಿಕ್ಕಿತು.

ಈ ಪದ್ಧತಿಯ ಬಗ್ಗೆ ಆರ್ಲಿಕಿಯವರ ಪುಸ್ತಕ 1975ರಲ್ಲಿ ಬಂತು. ಆದರೆ ಯಂತ್ರಗಳಿಗೆ ಅಷ್ಟು ಕೆಲಸ ಮಾಡುವ ಸಾಮರ್ಥ್ಯವಿದೆಯೇ ಎಂದು ಮೂಲ ಲೆಕ್ಕ ಕೇಳುತ್ತಿರಲಿಲ್ಲ. ಸಲಹೆಗಾರ ಆಲಿವರ್ ವೈಟ್ 1980ರ ದಶಕದ ಆರಂಭದಲ್ಲಿ ಸಾಮರ್ಥ್ಯ, ಮಾರಾಟ ಯೋಜನೆ, ಹಣಕಾಸುಗಳನ್ನೂ ಜೋಡಿಸಿ ಅದನ್ನು ಉತ್ಪಾದನಾ ಸಂಪನ್ಮೂಲ ಯೋಜನೆ ಅಥವಾ ಎಂಆರ್‌ಪಿ-2 ಎಂದು ಕರೆದರು. ಉತ್ತಮ ದರ್ಜೆಯ ಕಂಪನಿಯಲ್ಲಿ ಸ್ಟಾಕ್ ದಾಖಲೆ ಶೇ. 95ರಷ್ಟು, ಬಿಲ್ ಆಫ್ ಮೆಟೀರಿಯಲ್ಸ್ (ಯಾವ ಯಂತ್ರಕ್ಕೆ ಯಾವ ಭಾಗ ಎಷ್ಟು ಎಂಬ ಪಟ್ಟಿ) ಶೇ. 98ರಷ್ಟು ನಿಖರವಾಗಿರಬೇಕು ಎಂಬ ಅವರ ಅಳತೆಗೋಲು ಸ್ಟೋರ್ಸ್ ಗುಮಾಸ್ತರ ಕೆಲಸಕ್ಕೆ ಅದುವರೆಗೆ ಇಲ್ಲದ ಗೌರವ ತಂದಿತು.

1990ರ ದಶಕದಲ್ಲಿ ಎಸ್‌ಎಪಿಯ ಆರ್/3ಯಂಥ ಇಡೀ ಸಂಸ್ಥೆಯ ವ್ಯವಹಾರವನ್ನು ಜೋಡಿಸುವ ಇಆರ್‌ಪಿ ತಂತ್ರಾಂಶಗಳು ಇದೇ ಲೆಕ್ಕವನ್ನು ಒಳಗಿಟ್ಟುಕೊಂಡವು, ಅದರ ದೌರ್ಬಲ್ಯವನ್ನೂ ಸಹ. ಲೀಡ್ ಟೈಮ್, ಅಂದರೆ ಆರ್ಡರ್ ಹೊರಟು ಭಾಗ ಕೈಸೇರುವವರೆಗಿನ ಅವಧಿ, ಬದಲಾಗದ ಸಂಖ್ಯೆ ಎಂದು ಲೆಕ್ಕ ನಂಬುತ್ತದೆ. ಕಾರ್ಯಾಗಾರದಲ್ಲಿ ಕೆಲಸ ತಡವಾದಾಗ ಯೋಜಕರು ಆ ಸಂಖ್ಯೆಯನ್ನು ಹಿಗ್ಗಿಸುತ್ತಾರೆ, ಆರ್ಡರುಗಳು ಇನ್ನೂ ಬೇಗ ಬಿಡುಗಡೆಯಾಗುತ್ತವೆ, ಯಂತ್ರದ ಮುಂದಿನ ಸರದಿ ಮತ್ತಷ್ಟು ಬೆಳೆದು ಕೆಲಸ ಇನ್ನಷ್ಟು ತಡವಾಗುತ್ತದೆ.