ಕಾಡುಮೊಲಕ್ಕೂ ಕಲ್ಲುಹೂವಿಗೂ ಏನು ನಂಟು?

ಜಗಳೂರಿನ ರಂಗಯ್ಯನದುರ್ಗದಂಥ ಕುರುಚಲು ಕಾಡು, ಹೊನ್ನಾಳಿ–ನ್ಯಾಮತಿ ಕಡೆಯ ಹೊಲದ ಬದು ಕಾಡುಮೊಲಕ್ಕೆ ಹೇಳಿಮಾಡಿಸಿದ ಜಾಗ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಮರದ ಕಾಂಡಕ್ಕೆ ಅಂಟಿರುವ ಬೂದು-ಬಿಳಿ ಮಚ್ಚೆಗಳು ಕಲ್ಲುಹೂವಿನ ಬಳಗದವು. ಒಂದು ಚಂಗನೆ ಓಡುತ್ತದೆ, ಇನ್ನೊಂದು ಕೂತಲ್ಲೇ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಎರಡರ ಬಗ್ಗೆಯೂ ತಪ್ಪು ಕಲ್ಪನೆಗಳಿವೆ.

ಕಲ್ಲುಹೂವು ಹೂವೇ?

ಅಲ್ಲ, ಗಿಡವೂ ಅಲ್ಲ. ಮಸಾಲೆಗೆ ಹಾಕುವ ಕಲ್ಲುಹೂವು (ಪಾರ್ಮೋಟ್ರೀಮಾ ಪರ್ಲೇಟಮ್ ಮತ್ತದರ ಹತ್ತಿರದ ಜಾತಿಗಳು) ಒಂದು ಲೈಕೆನ್. ಅಂದರೆ ಶಿಲೀಂಧ್ರ ಮತ್ತು ಪಾಚಿಯ ಕೂಡುಬಾಳು. ಶಿಲೀಂಧ್ರ ಮನೆ ಕಟ್ಟುತ್ತದೆ, ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಇದನ್ನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ 1867ರಲ್ಲೇ ಹೇಳಿದಾಗ ಹಲವರು ನಂಬಲಿಲ್ಲ.

ಅಡಿಕೆ ಮರದ ಮಚ್ಚೆ ರೋಗವೇ?

ಲೈಕೆನ್‌ಗೆ ಬೇರಿಲ್ಲ. ಮಳೆ, ಮಂಜು, ಗಾಳಿಯಿಂದಲೇ ನೀರು-ಲವಣ ಪಡೆಯುತ್ತದೆ, ಮರದ ರಸ ಹೀರುವುದಿಲ್ಲ. ಅದಕ್ಕೆಂದು ಔಷಧಿ ಹೊಡೆಯುವುದು ದುಡ್ಡು ದಂಡ.

ಕಾಡುಮೊಲ, ಸಾಕುಮೊಲ ಒಂದೇನಾ?

ಇಲ್ಲ. ನಮ್ಮ ಕಾಡುಮೊಲ ಲೀಪಸ್ ನೈಗ್ರಿಕೊಲಿಸ್; ದಕ್ಷಿಣದ ಮೊಲಗಳಿಗೆ ಕತ್ತಿನ ಹಿಂಭಾಗ ಕಪ್ಪು. ಸಾಕುಮೊಲ ಯುರೋಪಿನ ಬೇರೆ ಜಾತಿಯದು. ಅದರ ಕಾಡಿನ ಪೂರ್ವಜರು ಬಿಲ ತೋಡುತ್ತವೆ, ಮರಿಗಳು ಕೂದಲಿಲ್ಲದೆ ಕಣ್ಣುಮುಚ್ಚಿ ಹುಟ್ಟುತ್ತವೆ. ಕಾಡುಮೊಲ ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಅಡಗುತ್ತದೆ, ಮರಿಗಳು ಕೂದಲು ಸಮೇತ ಕಣ್ಣುಬಿಟ್ಟೇ ಹುಟ್ಟುತ್ತವೆ. ತಾಯಿ ದಿನವಿಡೀ ಜೊತೆಗಿರದೆ, ಹಾಲುಣಿಸಲಷ್ಟೇ ಬಂದುಹೋಗುತ್ತದೆ. ಕೊಯ್ಲಿನಲ್ಲಿ ಒಂಟಿ ಮರಿ ಸಿಕ್ಕರೆ ಅದು ತಬ್ಬಲಿಯೆಂದು ಮನೆಗೆ ತರಬೇಡಿ, ಪಕ್ಕದ ಬದುವಿನ ಹುಲ್ಲಿನಲ್ಲಿಟ್ಟು ದೂರ ಸರಿಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದೂ ಅಪರಾಧ. ಯುಗಾದಿಯ ಬೇಟೆ ಪದ್ಧತಿಗೂ ವಿನಾಯಿತಿಯಿಲ್ಲ.

ಹಾಗಾದರೆ ನಂಟೇನು?

ಮೊಲವೂ ಒಂಟಿಯಾಗಿ ಬದುಕಲಾರದು. ಹುಲ್ಲಿನ ನಾರನ್ನು ಅದರ ಕುರುಡುಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆ ಪೋಷಕಾಂಶ ಕೈತಪ್ಪದಿರಲೆಂದು ಮೊಲ ತನ್ನದೇ ಮೆತ್ತನೆಯ ಹಿಕ್ಕೆಯನ್ನು ಮತ್ತೆ ತಿನ್ನುತ್ತದೆ. ಇನ್ನೊಂದು ಅಚ್ಚರಿ: ಶಿಲೀಂಧ್ರ ಮತ್ತು ಪ್ರಾಣಿಗಳ ಮೂಲಪುರುಷ ಒಂದೇ, ಸುಮಾರು 100 ಕೋಟಿ ವರ್ಷಗಳ ಹಿಂದಿನದು. ಗಿಡಗಳ ಕವಲು ಅದಕ್ಕೂ ಮೊದಲೇ ಬೇರೆಯಾಗಿತ್ತು. ಹಾಗಾಗಿ ಕಲ್ಲುಹೂವಿನ ಶಿಲೀಂಧ್ರಕ್ಕೆ ಹೂವಿಗಿಂತ ಮೊಲವೇ ಹತ್ತಿರದ ನೆಂಟ!